ಹೂಳುಬಯಲಿನ ಈಚೆದಂಡೆಯಿಂದ, ತೋರುಗ ಕೊಳ್ಳುವವರಿಗೆ

ಈಚೆದಂಡೆ, ಕೃಷ್ಣೆಯ ಹೂಳುಬಯಲು
೧೪ ಅಕ್ಟೋಬರ್ ೨೩೩೫
ನನ್ನ ಮುಂದಿರುವ ಯಂತ್ರದ ಪ್ರಕಾರ ೧೧ ಅಕ್ಟೋಬರ್ ೨೦೨೧

ಹಿಂದಿನವರಿಗೆ, ಅಂದರೆ ನಿಮಗೆ,

ಮೇಲಿನ ಎರಡು ತಾರೀಖುಗಳಲ್ಲಿ ಮೊದಲನೆಯದು ನಿಜ, ಎರಡನೆಯದು ಯಂತ್ರದ ಮರೆವು. ನಿಮ್ಮ ಕಾಲದಲ್ಲಿ ತಯಾರಾದ ಈ ಪೆಟ್ಟಿಗೆಗೆ ವಾರಗಳನ್ನು ಒಂದು ಸಾವಿರದ ಇಪ್ಪತ್ನಾಲ್ಕರವರೆಗೆ ಮಾತ್ರ ಎಣಿಸಲು ಬರುತ್ತದೆ. ಅಲ್ಲಿಗೆ ಮುಟ್ಟಿದ ಕೂಡಲೇ ಎಲ್ಲ ಮರೆತು ಸೊನ್ನೆಯಿಂದ ಶುರು ಮಾಡುತ್ತದೆ. ಹೀಗೆ ಹದಿನಾರು ಸಲ ಮರೆತು ಇವತ್ತು ನಿಮ್ಮದೊಂದು ಸೋಮವಾರಕ್ಕೆ ಬಂದು ನಿಂತಿದೆ. ನೀವು ಇನ್ನೂ ಬದುಕಿದ್ದೀರಿ ಎಂದು ಯಂತ್ರವೇ ನಂಬಿರುವಾಗ ನಾನೇಕೆ ನಂಬಬಾರದು? ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರ ಅನ್ನಿಸಬಹುದು, ಕ್ಷಮಿಸಿ. ನಿಮ್ಮ ಅಕ್ಷರಗಳನ್ನು ನಾವು ಉಳಿಸಿಕೊಂಡಿದ್ದೇವೆ, ಆದರೆ ನಿಮ್ಮ ವಸ್ತುಗಳಿಗೆ ನಮ್ಮ ಹೆಸರು ಇಟ್ಟುಕೊಂಡಿದ್ದೇವೆ. ನೀವು ಜಿಪಿಎಸ್ ಎನ್ನುತ್ತಿದ್ದುದನ್ನು ನಾವು ತೋರುಗ ಎನ್ನುತ್ತೇವೆ. ಅಂಗೈಯಲ್ಲಿ ಹಿಡಿದರೆ ನಿಂತ ಜಾಗವನ್ನು ತೋರಿಸುವುದು ಎಂದಷ್ಟೇ ಅರ್ಥ.

ನನ್ನ ಹೆಸರು ರಾಚವ್ವ. ವಯಸ್ಸು ಅರವತ್ತೊಂದು. ನಾನು ದಾರಿಗಿತ್ತಿ. ಸೂಲಗಿತ್ತಿ ಕೂಸನ್ನು ಈಚೆಗೆ ತರುತ್ತಾಳೆ, ದಾರಿಗಿತ್ತಿ ಜನರನ್ನು ಆಚೆಗೆ ದಾಟಿಸುತ್ತಾಳೆ. ನಮ್ಮ ಮನೆತನದಲ್ಲಿ ಇದು ಆರನೆಯ ತಲೆಮಾರು. ಕಾಗದ ಯಾಕೆ ಬರೆಯುತ್ತಿದ್ದೇನೆಂದರೆ ಕೂರಲು ಆಗುತ್ತಿಲ್ಲ. ನನ್ನ ಮಗಳು ನಿಂಬೆವ್ವ ಇವತ್ತು ಹೊತ್ತು ಹುಟ್ಟುವಾಗ ಆರು ಮಂದಿಯನ್ನು ಕರೆದುಕೊಂಡು ಬಯಲಿಗೆ ಇಳಿದಳು. ತಾನೇ ಮುಂದಾಳಾಗಿ ಹೋಗುತ್ತಿರುವುದು ಇದೇ ಮೊದಲು. ಮೂರು ಸಲ ಒಲೆ ಹೊತ್ತಿಸಿ ಮೂರು ಸಲ ಆರಿಸಿದ್ದೇನೆ. ಅಂಗಳ ಗುಡಿಸಿದೆ, ಗುಡಿಸಿದ್ದನ್ನೇ ಮತ್ತೆ ಗುಡಿಸಿದೆ. ನಮ್ಮಲ್ಲಿ ಒಂದು ರೂಢಿಯಿದೆ. ಯಾರಿಗಾದರೂ ತಡೆಯಲಾರದ ಸಿಟ್ಟೋ ಸಂಕಟವೋ ಬಂದರೆ ಹಿರಿಯರು, "ಹೋಗ, ಹಿಂದಿನವರಿಗೆ ಬರಿ ಹೋಗ" ಅನ್ನುತ್ತಾರೆ. ಬೈಯುವುದಕ್ಕೆ ನಿಮ್ಮಷ್ಟು ಅನುಕೂಲದವರು ಇನ್ನಾರೂ ಇಲ್ಲ, ಯಾಕೆಂದರೆ ನೀವು ತಿರುಗಿ ಮಾತಾಡುವುದಿಲ್ಲ. ಬರೆದದ್ದನ್ನು ಮಡಕೆಯಲ್ಲಿ ಹಾಕಿ ಬಾಯಿ ಕಟ್ಟಿ ಹೂಳುತ್ತೇವೆ.

ಬಯಲು ಎಂದರೆ ಏನೆಂದು ನಿಮಗೆ ಹೇಳಬೇಕು. ನಿಮ್ಮ ಕಾಲದಲ್ಲಿ ಇಲ್ಲಿ ಹೊಳೆಯ ಹಿನ್ನೀರು ಇತ್ತು. ನೀರಿನ ನಡುವೆ ಎತ್ತರದ ಒಡ್ಡು ಹಾಕಿ, ಅದರ ಮೇಲೆ ಎಂಟು ಮೀಟರ್ ಅಗಲದ ರಸ್ತೆ ಮಾಡಿದ್ದಿರಿ. ಈಚೆದಂಡೆಯಿಂದ ಆಚೆದಂಡೆಗೆ ನೆಟ್ಟಗೆ ವಾಯವ್ಯಕ್ಕೆ ಐದು ಕಿಲೋಮೀಟರ್. ನಿಮ್ಮ ಗಾಡಿಗೆ ಐದು ನಿಮಿಷದ ದಾರಿ ಅದು, ನಮಗೆ ಒಂದು ಹಗಲು. ಹೊಳೆ ವರ್ಷ ವರ್ಷವೂ ತಂದು ಸುರಿದ ಹೂಳು ಹಿನ್ನೀರನ್ನೆಲ್ಲ ತುಂಬಿ, ನಿಮ್ಮ ಒಡ್ಡನ್ನೂ ಮುಚ್ಚಿ, ಅದರ ಮೇಲೆ ಇನ್ನೊಂದು ಮೊಣಕಾಲುದ್ದ ಏರಿ ನಿಂತಿದೆ. ಮೇಲಿನಿಂದ ನೋಡಿದರೆ ಎಲ್ಲ ಒಂದೇ, ಬೂದುಬಣ್ಣದ ಅಂಗಳ. ಒಡ್ಡಿನ ಮೇಲೆ ನಡೆದರೆ ಮೊಣಕಾಲಿನವರೆಗೆ ಹುಗಿದು ಗಟ್ಟಿ ಸಿಗುತ್ತದೆ. ಒಡ್ಡಿನಿಂದ ಒಂದು ಹೆಜ್ಜೆ ಆಚೆ ಇಟ್ಟರೆ ತಳ ಸಿಗುವುದಿಲ್ಲ. ನನ್ನ ಗಂಡ ಹೋದದ್ದು ಹಾಗೆಯೇ. ಕೂಗಲು ಕೂಡ ಹೊತ್ತು ಸಿಗಲಿಲ್ಲ ಅವನಿಗೆ. ಈ ಊರಿನಲ್ಲಿ ಒಂದು ಕುಟುಂಬ ಬಿಡದೆ ಎಲ್ಲರ ಮನೆಯಿಂದಲೂ ಆ ಬಯಲು ಒಬ್ಬರನ್ನು ತೆಗೆದುಕೊಂಡಿದೆ.

ಆದರೂ ದಾಟಲೇಬೇಕು. ನಮ್ಮ ಕಡೆ ಉಪ್ಪು, ಜೋಳ ಇದೆ. ಕತ್ತರಿಸಿ ಹೊಲಿಯಬಲ್ಲ ವೈದ್ಯೆ ಇರುವುದು ಆಚೆದಂಡೆಯಲ್ಲಿ. ಇವತ್ತು ನಿಂಬೆವ್ವನ ಜತೆ ಹೋದವಳು ಮಾಬುಬಿ, ತುಂಬು ಬಸುರಿ. ಕೂಸು ಅಡ್ಡ ತಿರುಗಿದೆ ಎಂದು ನಮ್ಮ ಸೂಲಗಿತ್ತಿ ಕೈ ಚೆಲ್ಲಿದಳು. ಅವಳ ಗಂಡ, ಡೋಲಿ ಹೊರುವ ನಾಲ್ವರು, ಮುಂದೆ ನನ್ನ ಮಗಳು. ನನ್ನ ಬಲ ಮೊಣಕಾಲು ಈ ಮಳೆಗಾಲದಲ್ಲಿ ಸೋತಿತು, ಇಲ್ಲದಿದ್ದರೆ ನಾನೇ ಹೋಗುತ್ತಿದ್ದೆ. ಏಳು ಜೀವ, ಹೊಟ್ಟೆಯೊಳಗಿನದೂ ಸೇರಿ ಎಂಟು.

ಈಗ ತೋರುಗದ ವಿಷಯಕ್ಕೆ ಬರುತ್ತೇನೆ. ಆಕಾಶದಲ್ಲಿ ನೀವು ತೇಲಿಬಿಟ್ಟ ಮಣಿಗಳು, ನಿಮ್ಮ ಮಾತಿನಲ್ಲಿ ಉಪಗ್ರಹಗಳು, ಹಳೆಯವಾಗಿ ಬಿದ್ದಂತೆಲ್ಲ ಯಾರೋ ಹೊಸವನ್ನು ಏರಿಸುತ್ತಲೇ ಇದ್ದಾರೆ. ಅವರನ್ನು ಮೇಲಿನೂರಿನವರು ಅನ್ನುತ್ತೇವೆ. ಅವರು ಯಾವ ದೇಶದವರೋ, ನಮ್ಮನ್ನು ಕೇಳುವುದಿಲ್ಲ, ನಾವು ಅವರನ್ನು ಕಂಡಿಲ್ಲ. ಆದರೆ ಅವರ ಮಣಿಗಳು ಇಂದಿಗೂ ನಿಮ್ಮ ಹಳೆಯ ಭಾಷೆಯಲ್ಲೇ ಮಾತಾಡುತ್ತವೆ, ಹಾಗಾಗಿ ನಿಮ್ಮ ಹಳೆಯ ಪೆಟ್ಟಿಗೆಗಳಿಗೆ ಕೇಳಿಸುತ್ತದೆ. ಪೆಟ್ಟಿಗೆಗಳು ನಮಗೆ ಸಿಗುವುದು ನೆಲ ಅಗೆದಾಗ. ನನ್ನ ತಾಯಿಯಿಂದ ಬಂದ ತೋರುಗ ಈ ಆಷಾಢದಲ್ಲಿ ಕಣ್ಣು ಮುಚ್ಚಿತು. ಹೋದ ತಿಂಗಳು ಗುಡ್ಡದ ಕೆಳಗೆ ನಿಮ್ಮದೊಂದು ಅಂಗಡಿಯ ಪಾಯ ಸಿಕ್ಕಿತು. ಅದರೊಳಗೆ ಬಾಯಿ ಬಿಗಿದ ಡಬ್ಬಿ, ಡಬ್ಬಿಯೊಳಗೆ ಎರಡು ತೋರುಗ. ಊರಿನವರು ಎರಡನ್ನೂ ತಂದು ನನ್ನ ಮುಂದಿಟ್ಟು, "ಆರಿಸವಾ" ಎಂದರು.

ಒಂದು ದೊಡ್ಡ ಕನ್ನಡಿಯದು, ನಿಮ್ಮ ಗಾಡಿಗಳೊಳಗೆ ಅಂಟಿಸುವಂಥದ್ದು. ಬೆರಳು ಸವರಿದರೆ ಚಿತ್ರ ಸರಿಯುತ್ತದೆ. ಮಾತಾಡುತ್ತದೆ ಬೇರೆ. ಎಂಥ ಕನ್ನಡ ಅಂತೀರಿ, ಒಂದು ಅಕ್ಷರ ಜಾರುವುದಿಲ್ಲ. "ದಯವಿಟ್ಟು ಎಡಕ್ಕೆ ತಿರುಗಿ" ಎನ್ನುತ್ತಾಳೆ ಆ ಪುಣ್ಯಾತ್ಗಿತ್ತಿ. ಊರಿನ ಮುದುಕಿಯರು ಸುತ್ತ ಕೂತು ಅವಳಿಗೆ "ಆತು ತಾಯಿ" ಎಂದು ಉತ್ತರ ಕೊಟ್ಟರು. ಏನೂ ಇಲ್ಲದ ಕುರುಚಲು ಕಾಡಿನ ನಡುವೆ ಅವಳು "ನೀವು ತಲುಪಿದ್ದೀರಿ" ಎಂದಾಗ ಒಬ್ಬಳಂತೂ ಕೈ ಮುಗಿದಳು. ನಿಂಬೆವ್ವನಿಗೆ ಅದರ ಮೇಲೆ ಮನಸ್ಸು. "ಯವ್ವಾ, ಎಷ್ಟ್ ಚಂದ ಮಾತಾಡತಾಳ ನೋಡ. ಜೋಡಿ ಆಕ್ಕಾಳ ನನಗ ಬಯಲಾಗ" ಎಂದಳು. "ಮಾತಾಡಾಕ ಊರ ತುಂಬ ಮಂದಿ ಅದಾರ. ದಾರಿ ತೋರ್ಸೋದು ಬಾಯಿ ಮುಚ್ಚಿಕೊಂಡಿದ್ರ ಛಲೋ" ಎಂದೆ ನಾನು. ಇಪ್ಪತ್ತೆರಡರ ಹುಡುಗಿ, ನನ್ನ ಹಾಗೆಯೇ ಮೂಗಿನ ತುದಿಯಲ್ಲಿ ಸಿಟ್ಟು. ಅವತ್ತು ಊಟ ಮಾಡಲಿಲ್ಲ.

ಇನ್ನೊಂದು ನೋಡಲು ಕುರೂಪಿ. ಇಟ್ಟಿಗೆಯ ಹಾಗೆ ದಪ್ಪ, ಹಳದಿ ಅಂಚು, ಚಿಕ್ಕ ಕನ್ನಡಿ, ಮೈತುಂಬ ಗುಂಡಿ. ನಾನು ಅದನ್ನೇ ಆರಿಸಿದೆ. ಯಾಕೆಂದು ನಿಮಗೆ ಹೇಳುತ್ತೇನೆ, ನಿಮಗೆ ಉಪಯೋಗ ಆಗಬಹುದು. ಕೆಸರು ಬಳಿದ ಬೆರಳಿಗೆ ಸವರುವ ಕನ್ನಡಿ ಮಣಿಯುವುದಿಲ್ಲ, ಒತ್ತುವ ಗುಂಡಿ ಮಣಿಯುತ್ತದೆ. ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ದೊಡ್ಡ ಕನ್ನಡಿಯೊಳಗೆ ನಮ್ಮ ಮುಖವೇ ಕಾಣುತ್ತದೆ. ಈ ಚಿಕ್ಕದರಲ್ಲಿ ಬಿಸಿಲು ಹೆಚ್ಚಿದಷ್ಟೂ ಗೆರೆ ಸ್ಪಷ್ಟ. ಮಾತಾಡುವವಳ ಹೊಟ್ಟೆಯೊಳಗಿನ ವಿದ್ಯುತ್ತು ಮುಗಿದರೆ ಬಿಚ್ಚಿ ಬೇರೆ ಹಾಕಲು ಬಾಯಿಯೇ ಇಲ್ಲ, ನಾವು ಹೊರಗಿನಿಂದ ತಂತಿ ಕಟ್ಟಿ ಕುಡಿಸಬೇಕು. ಇಟ್ಟಿಗೆಯ ಬೆನ್ನು ಬಿಚ್ಚಿದರೆ ಎರಡು ಗೂಡು. ನಮ್ಮ ಉಪ್ಪುಬಿಲ್ಲೆಗಳನ್ನು, ಅಂದರೆ ಉಪ್ಪಿನಿಂದ ನಾವೇ ಮಾಡುವ ವಿದ್ಯುತ್ತಿನ ಬಿಲ್ಲೆಗಳನ್ನು, ಅದೇ ಅಳತೆಗೆ ಎರಕ ಹೊಯ್ದು ಕೂರಿಸಬಹುದು. ಸೊಂಟದಲ್ಲಿ ನಾಲ್ಕು ಹೆಚ್ಚುವರಿ ಬಿಲ್ಲೆ ಇದ್ದರೆ ಎರಡು ದಿನಕ್ಕೆ ಚಿಂತೆಯಿಲ್ಲ. ನಕ್ಷೆ ಅದರ ಹೊಟ್ಟೆಯೊಳಗೇ ಇದೆ, ಯಾರನ್ನೂ ಕೇಳಿ ತರಿಸಬೇಕಿಲ್ಲ. ನೀರಿಗೆ ಬಿದ್ದರೆ ತೇಲುತ್ತದೆ. ಎಲ್ಲಕ್ಕಿಂತ ಮುಖ್ಯ, ತನಗೆ ಎಷ್ಟು ಗೊತ್ತಿಲ್ಲ ಎಂಬುದನ್ನು ಅದು ಒಪ್ಪಿಕೊಳ್ಳುತ್ತದೆ. ಮೋಡ ಕವಿದಾಗ ನಮ್ಮ ಚುಕ್ಕೆಯ ಸುತ್ತ ಒಂದು ವೃತ್ತ ಬರೆದು, ಇಷ್ಟರೊಳಗೆ ಎಲ್ಲೋ ಇದ್ದೀರಿ ಎಂದು ತೋರಿಸುತ್ತದೆ. ಮಾತಾಡುವವಳಿಗೆ ಆ ಸಂಕೋಚ ಇಲ್ಲ, ತಪ್ಪಿದ್ದರೂ ಅದೇ ಗಟ್ಟಿ ದನಿ. ನಾನು ಇಷ್ಟೆಲ್ಲ ನೋಡಿ ಆರಿಸಿದೆ. ಆರಿಸಿದ ಮೇಲೆ ನನ್ನ ಆಯ್ಕೆಯ ಬಗ್ಗೆ ನನಗೆ ಜಂಭ ಬಂತು.

ಮೊದಲು ನೆಲದ ನಡೆ ಎಂದರೇನು ಎಂದು ಹೇಳಬೇಕು. ನಮ್ಮ ಕಾಲಡಿಯ ನೆಲ ನಡೆಯುತ್ತದೆ. ನಿಮ್ಮ ಪಂಡಿತರಿಗೂ ಇದು ಗೊತ್ತಿತ್ತಂತೆ. ಈ ಇಡೀ ದೇಶ ಪ್ರತಿ ವರ್ಷ ಐದು ಸೆಂಟಿಮೀಟರಿನಷ್ಟು ಈಶಾನ್ಯಕ್ಕೆ ಸರಿಯುತ್ತದೆ, ಉಗುರು ಬೆಳೆಯುವುದಕ್ಕಿಂತ ಸ್ವಲ್ಪ ಜೋರು. ಆಕಾಶದ ಮಣಿಗಳು ಭೂಮಿಯ ನಡುಮಧ್ಯದಿಂದ ಅಳೆಯುತ್ತವೆಯೇ ಹೊರತು ನಮ್ಮ ಅಂಗಳದಿಂದಲ್ಲ. ನಿಮ್ಮ ನಕ್ಷೆಯಲ್ಲಿ ಒಡ್ಡು ನಿಮ್ಮ ಕಾಲದಲ್ಲಿ ಎಲ್ಲಿತ್ತೋ ಅಲ್ಲೇ ಇದೆ. ನಿಜವಾದ ಒಡ್ಡು ಮುನ್ನೂರು ವರ್ಷಗಳಲ್ಲಿ ಹದಿನಾರು ಮೀಟರ್, ಆಚೆದಂಡೆಗೆ ಮುಖ ಮಾಡಿ ನಿಂತವರ ಬಲಕ್ಕೆ, ನಡೆದುಬಿಟ್ಟಿದೆ. ನಕ್ಷೆಯ ಗೆರೆಯನ್ನು ನಂಬಿ ಅದರ ಮೇಲೆಯೇ ನಡೆದವನು ಒಡ್ಡಿನ ಎಡಕ್ಕೆ, ತಳವಿಲ್ಲದ ಕಡೆ ನಡೆಯುತ್ತಿರುತ್ತಾನೆ. ನನ್ನ ಅಜ್ಜಿಯ ಅಜ್ಜಿ ಇದನ್ನು ಕಂಡುಹಿಡಿಯುವ ಮೊದಲು ಎಷ್ಟು ಮಂದಿ ಹೋದರೋ ಲೆಕ್ಕವಿಲ್ಲ.

ಅವಳು ಮಾಡಿದ ಉಪಾಯ ಬಹಳ ಸರಳ. ಒಡ್ಡು ಶುರುವಾಗುವಲ್ಲಿ ನಿಮ್ಮ ಕಾಲದ ಒಂದು ಮೈಲಿಗಲ್ಲು ಇದೆ, ನಿಮ್ಮ ನಕ್ಷೆಯಲ್ಲೂ ಅದರ ಗುರುತಿದೆ. ನಾವು ಅದನ್ನು ಸಾಕ್ಷಿಗಲ್ಲು ಅನ್ನುತ್ತೇವೆ. ಹೊರಡುವ ಮೊದಲು ದಾರಿಗಿತ್ತಿ ಕಲ್ಲಿನ ಮೇಲೆ ತೋರುಗ ಇಟ್ಟು, ಕಲ್ಲಿನ ಗುರುತಿನಿಂದ ತನ್ನ ಚುಕ್ಕೆ ಎಷ್ಟು ಹೆಜ್ಜೆ ಆಚೆ ಬಿದ್ದಿದೆ ಎಂದು ನೋಡುತ್ತಾಳೆ. ಅದೇ ನಡೆ. ಅಷ್ಟು ಹೆಜ್ಜೆ ಬಲಕ್ಕೆ ಹಿಡಿದು ಉಳಿದ ದಾರಿಯನ್ನೆಲ್ಲ ನಡೆಯಬೇಕು. ಕಲ್ಲಿಗೆ ಹೇಳಿ ಹೋಗುವುದು ಎಂದು ಇದರ ಹೆಸರು. ಹೇಳದೆ ಯಾರೂ ಬಯಲಿಗೆ ಇಳಿಯುವುದಿಲ್ಲ. ಕಾಲ ಕಳೆದ ಹಾಗೆ ಕಲ್ಲಿಗೆ ಅರಿಶಿನ ಬಂತು, ಕುಂಕುಮ ಬಂತು, ಹೊಸ ಮದುಮಕ್ಕಳು ಬಂದು ಸುತ್ತು ಹಾಕತೊಡಗಿದರು. ನಾನೂ ಬೇಡ ಎನ್ನಲಿಲ್ಲ. ಜನ ಕೈ ಮುಗಿದರೆ ಕಲ್ಲನ್ನು ಯಾರೂ ಕಿತ್ತುಕೊಂಡು ಹೋಗುವುದಿಲ್ಲವಲ್ಲ ಎಂದುಕೊಂಡೆ.

ಇವತ್ತು ಬೆಳಿಗ್ಗೆ ಮಂಜು ಕವಿದಿತ್ತು, ಚಾಚಿದ ಕೈ ಕಾಣದಷ್ಟು. ಮಾಬುಬಿ ಡೋಲಿಯಲ್ಲಿ ಹಲ್ಲು ಕಚ್ಚಿ ನರಳುತ್ತಿದ್ದಳು, ಎಲ್ಲರಿಗೂ ಅವಸರ. ಹೊಸ ಕಟ್ಟೆಯ ಮೇಲೆ ಹೂ ಹೊದ್ದು ಕೂತಿದ್ದ ಕಲ್ಲಿನ ಮೇಲೆ ನಾನೇ ತೋರುಗ ಇಟ್ಟು ನೋಡಿದೆ. ಏಳು ಹೆಜ್ಜೆ. ನನ್ನ ತಾಯಿಯ ತೋರುಗ ಕೊನೆಯವರೆಗೂ ಇಪ್ಪತ್ತೆರಡು ತೋರಿಸುತ್ತಿತ್ತು. ಇಪ್ಪತ್ತೆರಡು ಎಲ್ಲಿ, ಏಳು ಎಲ್ಲಿ! ನಾನೇನು ಮಾಡಬೇಕಿತ್ತು? ನಿಂತು ಯೋಚಿಸಬೇಕಿತ್ತು ಎಂದು ಈಗ ಬರೆಯುವಾಗ ಅನ್ನಿಸುತ್ತಿದೆ. ನಾನು ಹಿಗ್ಗಿದೆ. "ನೋಡಿದೇನ? ಹಳೇದು ಎಷ್ಟ್ ತಪ್ಪು ಹೇಳತಿತ್ತು, ಇದು ಎಷ್ಟ್ ಕರೆಕ್ಟ್ ಐತಿ. ನಾ ಆರಿಸಿದ್ದು ಅಂದ್ರ ಸುಮ್ನ ಅಲ್ಲ" ಎಂದು ಎಲ್ಲರೆದುರು ಮಗಳಿಗೆ ಹೇಳಿದೆ. ನಿಂಬೆವ್ವ ಹುಬ್ಬು ಗಂಟಿಕ್ಕಿ, "ಹದಿನೈದು ಹೆಜ್ಜಿ ಎಲ್ಲಿ ಹೋದುವ ಯವ್ವಾ?" ಎಂದಳು. "ಕಲ್ಲು ಹೇಳಿದ ಮ್ಯಾಲ ಮುಗೀತು. ಕಲ್ಲಿನ ಮ್ಯಾಲ ಮಾತಾಡಬ್ಯಾಡ, ನಡಿ" ಎಂದು ಗದರಿದೆ. ಅವಳು ಏಳು ಎಂದು ಅಂಗೈ ಮೇಲೆ ಮಸಿಯಿಂದ ಬರೆದುಕೊಂಡು ಇಳಿದುಹೋದಳು.

ಇಲ್ಲಿಯವರೆಗೆ ಬರೆದು, ಹೊತ್ತು ನೆತ್ತಿಗೆ ಬಂತೆಂದು ಎದ್ದು ಕಲ್ಲಿನ ಕಡೆ ಹೋದೆ. ಸುಮ್ಮನೆ, ಬಯಲು ನೋಡೋಣ ಎಂದು. ಅಲ್ಲಿ ಗದಿಗೆಪ್ಪ ಕಟ್ಟೆಗೆ ಸುಣ್ಣ ಬಳಿಯುತ್ತಿದ್ದ. ಅವನು ನಮ್ಮೂರಿನ ಗೋಡೆ ಕಟ್ಟುವವನು, ನೊಣಕ್ಕೂ ಕೇಡು ಬಗೆಯದ ಮನುಷ್ಯ. ಆಷಾಢದಲ್ಲಿ ನಾನು ಮೊಣಕಾಲು ಊದಿಸಿಕೊಂಡು ಮಲಗಿದ್ದಾಗ ಕಟ್ಟೆ ಕಟ್ಟಿದನೆಂದು ಕೇಳಿದ್ದೆ. ಕಲ್ಲಿನ ಸುತ್ತ ಕಟ್ಟಿದ್ದಾನೆ ಎಂದುಕೊಂಡಿದ್ದೆ, ಇವತ್ತಿನವರೆಗೆ ಆ ಕಡೆ ಹೋಗಿರಲೇ ಇಲ್ಲ. "ಹೆಂಗ ಆಗೈತಿ ರಾಚವ್ವ? ದೇವರು ಅಲ್ಲಿ ಬಿಸಲಾಗ ಒಬ್ಬನ ನಿಂತಿದ್ದ, ಮಳಿ ಬಂದ್ರ ಕೊಚ್ಚಿ. ಮಂದಿ ಕಾಲು ಜಾರಿ ಬೀಳತಿದ್ರು. ಅದಕ್ಕ ಇಲ್ಲಿ ಬೇವಿನ ನೆರಳಿಗೆ ತಂದು ಕುಂದರಿಸೀನಿ" ಎಂದ, ಮುಖ ಅರಳಿಸಿಕೊಂಡು.

"ಎಷ್ಟ್ ದೂರ ತಂದಿ?" ಎಂದು ಕೇಳಿದೆ. ಬೇವಿನ ಮರ ಹಳೆಯ ಜಾಗಕ್ಕೆ ನೈಋತ್ಯ, ಅದನ್ನು ಕೇಳುವ ಅಗತ್ಯವೇ ಇರಲಿಲ್ಲ. ಅವನು ಲೆಕ್ಕ ಹಾಕಿ, "ಹದಿನಾಕು, ಹದಿನೈದು ಹೆಜ್ಜಿ ಇರಬೇಕು. ಆರು ಮಂದಿ ಹೊತ್ತೀವಿ, ನೆಲಕ್ಕ ತಾಗಿಸಿಲ್ಲ" ಎಂದ. ನಾನು ಅವನ ಸುಣ್ಣದ ಗಡಿಗೆಯನ್ನು ಒದ್ದೆ. ಬಾಯಿಗೆ ಬಂದದ್ದನ್ನೆಲ್ಲ ಅಂದೆ, ಅವನ ಏಳು ತಲೆಮಾರಿಗೂ ಆಗುವಷ್ಟು ಅಂದೆ. ಅವನು ಏನೂ ತಿಳಿಯದೆ ಬಳಿಯುವ ಕುಂಚ ಹಿಡಿದು ನಿಂತಿದ್ದ. ತಿಳಿದ ಮೇಲೆ ಕುಂಚ ಎಸೆದು ಬಯಲಿನ ಕಡೆ ತಿರುಗಿದ. ಹದಿನೈದು ಹೆಜ್ಜೆ ಎಂದರೆ ಹನ್ನೊಂದು ಮೀಟರ್. ಒಡ್ಡಿನ ನಡುವಿನಿಂದ ಅಂಚಿಗೆ ಇರುವುದು ನಾಲ್ಕೇ ಮೀಟರ್. ಏಳು ಹೆಜ್ಜೆಯ ನಡೆ ಹಿಡಿದರೆ ನನ್ನ ಮಗಳು ಒಡ್ಡಿನ ಮೇಲೆ ಇಲ್ಲವೇ ಇಲ್ಲ.

ಒಂದೇ ಒಂದು ಆಸೆ ಉಳಿದಿತ್ತು. ಮೊದಲ ಮುನ್ನೂರು ಹೆಜ್ಜೆಗೆ ತೋರುಗ ಬೇಕಾಗಿಲ್ಲ, ಕಬ್ಬಿಣದ ಕಂಬಗಳಿವೆ. ಅವು ನಿಮ್ಮ ರಸ್ತೆಯ ದೀಪದ ಕಂಬಗಳು, ಒಡ್ಡಿನೊಳಗೇ ನೆಟ್ಟವು, ತುದಿ ಮಾತ್ರ ಹೂಳಿನ ಮೇಲಿದೆ. ಕೊನೆಯ ಕಂಬ ದಾಟಿದ ಮೇಲೆ ಬರೀ ಬಯಲು, ಅಷ್ಟರೊಳಗೆ ಮಗಳಿಗೆ ಅನುಮಾನ ಬಂದು ನಿಂತಿದ್ದರೆ ಉಂಟು. ಮಾತಾಡುವ ತೋರುಗ ಕೊರಳಿಗೆ ಹಾಕಿಕೊಂಡು, ಕೋಲು ಹಿಡಿದು ಇಳಿದೆ. ಗದಿಗೆಪ್ಪ ಹಿಂದೆಯೇ ಬಂದ. ಅಳುತ್ತಲೇ ಬಂದ. "ನಾ ಏನ್ ಕೆಟ್ಟದ್ದು ಮಾಡಾಕ ಹೋಗಿದ್ನೇನ? ದೇವರಿಗೆ ನೆರಳು ಮಾಡೀನಿ" ಎಂದು ಅದನ್ನೇ ಹೇಳುತ್ತಿದ್ದ. ನನಗೆ ಅವನ ಮೇಲಿನ ಸಿಟ್ಟು ಆರನೆಯ ಕಂಬದ ಹೊತ್ತಿಗೆ ಮುಗಿದಿತ್ತು. ಅವನು ಕಲ್ಲು ಸರಿಸಿದ, ನಿಜ. ಕಲ್ಲು ಯಾಕೆ ಸರಿಯಬಾರದು ಎಂದು ಅವನಿಗೆ ಹೇಳಿಕೊಟ್ಟವರು ಯಾರು? ಯಾರೂ ಇಲ್ಲ. ನಲವತ್ತು ವರ್ಷ ನಾನು ಅವನ ಕಣ್ಣೆದುರಿಗೇ ಕಲ್ಲಿಗೆ ಹಣೆ ಹಚ್ಚಿದ್ದೇನೆ, ಒಮ್ಮೆಯೂ ಅಳತೆಯ ಮಾತು ಎತ್ತಿಲ್ಲ. ಗುಟ್ಟು ನಮ್ಮ ಮನೆಯಲ್ಲೇ ಇರಲಿ, ಮರ್ಯಾದೆ ಇರುತ್ತದೆ ಎಂದು ನನ್ನ ತಾಯಿ ಹೇಳಿದ್ದಳು, ನಾನೂ ಹಾಗೆಯೇ ನಡೆದೆ. ಯವ್ವಾ, ಎಂಥ ಮರ್ಯಾದೆ!

ಕೊನೆಯ ಕಂಬದ ಬುಡದಲ್ಲಿ ಹೂಳು ಕಲಸಿಹೋಗಿತ್ತು. ಡೋಲಿ ಇಳಿಸಿದ ಗುರುತು ಇತ್ತು. ಅಲ್ಲಿ ಅವರು ಬಹಳ ಹೊತ್ತು ನಿಂತಿದ್ದಾರೆ. ಒಬ್ಬರ ಹೆಜ್ಜೆ ಮಾತ್ರ ಕಂಬದಿಂದ ಅಡ್ಡಕ್ಕೆ ಹೋಗಿ ಬಂದಿದೆ, ಮತ್ತೆ ಹೋಗಿ ಬಂದಿದೆ, ಮೂರು ಸಲ. ಎಡಪಾದ ಹೊರಕ್ಕೆ ತಿರುಗಿದ ಹೆಜ್ಜೆ. ಅದು ನನ್ನ ಮಗಳದು. ಚಿಕ್ಕವಳಿದ್ದಾಗ ಆ ಪಾದವನ್ನು ನೆಟ್ಟಗೆ ಮಾಡಲು ಎಷ್ಟು ಎಣ್ಣೆ ತಿಕ್ಕಿದ್ದೇನೋ. ಅವಳು ಏನು ಮಾಡಿದ್ದಾಳೆಂದು ನಿಂತಲ್ಲೇ ತಿಳಿಯಿತು. ಕಂಬ ಒಡ್ಡಿನೊಳಗಿದೆ, ಕಂಬಕ್ಕೆ ಯಾರೂ ಕಟ್ಟೆ ಕಟ್ಟಿಲ್ಲ. ಅಲ್ಲಿ ನಕ್ಷೆಯ ಗೆರೆಯಿಂದ ಚುಕ್ಕೆ ಎಷ್ಟು ಹೆಜ್ಜೆ ಆಚೆಗಿದೆ ಎಂದು ನೋಡಿ, ಅವಳು ಅಮ್ಮ ಹೇಳಿದ ಸಂಖ್ಯೆಯನ್ನು ಪರೀಕ್ಷೆ ಮಾಡಿದ್ದಾಳೆ. ದಾರಿಗಿತ್ತಿಯ ಮಾತನ್ನು ನಡುದಾರಿಯಲ್ಲಿ ಪರೀಕ್ಷಿಸುವುದು ನಮ್ಮಲ್ಲಿ ಮಹಾ ಅವಮಾನ, ನಾನು ನನ್ನ ತಾಯಿಗೆ ಎಂದೂ ಮಾಡಿರಲಿಲ್ಲ. ಅವಳು ಮಾಡಿದ್ದಾಳೆ. ಆದರೆ ಆಮೇಲೆ ಯಾವ ಸಂಖ್ಯೆ ಹಿಡಿದಳು? ಕಂಬದ ಆಚೆ ಎಲ್ಲರ ಹೆಜ್ಜೆ ಬಲಕ್ಕೆ ವಾಲಿ ಹೋದಂತೆ ಕಂಡಿತು. ಇಪ್ಪತ್ತು ಹೆಜ್ಜೆಯ ಆಚೆ ಹೂಳು ಕೂಡಿಕೊಂಡು ಎಲ್ಲ ಅಳಿಸಿಹೋಗಿದೆ. ಕೂಗಿದೆ. ಗದಿಗೆಪ್ಪನೂ ಕೂಗಿದ. ಎದುರುಗಾಳಿ ನಮ್ಮ ದನಿಯನ್ನು ನಮಗೇ ತಂದು ಕೊಟ್ಟಿತು. ಮುಂದೆ ಹೋಗಲು ನೋಡಿದೆ, ಹತ್ತು ಹೆಜ್ಜೆಗೆ ಮೊಣಕಾಲು ಮಡಚಿ ಕೂತುಬಿಟ್ಟೆ. ಗದಿಗೆಪ್ಪ ರಟ್ಟೆ ಹಿಡಿದು ಎಳೆದು ತಂದ.

ಈಗ ಮನೆಯಲ್ಲಿದ್ದೇನೆ. ಮೈಯ ಕೆಸರು ಒಣಗಿ ಉದುರುತ್ತಿದೆ, ತೊಳೆದುಕೊಂಡಿಲ್ಲ. ಕೂರುತ್ತೇನೆ, ಏಳುತ್ತೇನೆ, ಬಾಗಿಲಿಗೆ ಹೋಗುತ್ತೇನೆ, ಬರುತ್ತೇನೆ, ಒಂದು ಸಾಲು ಬರೆಯುತ್ತೇನೆ. ಹೊತ್ತು ಇಳಿಯುತ್ತಿದೆ. ಆಚೆದಂಡೆ ಮುಟ್ಟಿದವರು ಅಲ್ಲಿನ ಕೊಂಬನ್ನು ಊದಬೇಕು, ತಲೆಗೊಂದು ಸಲ. ಸಂಜೆಯ ಗಾಳಿ ಆ ಕಡೆಯಿಂದ ಬೀಸುವುದರಿಂದ ನಮಗೆ ಕೇಳಿಸುತ್ತದೆ. ಮುಂದಾಳು ಎಲ್ಲರಿಗಿಂತ ಕೊನೆಗೆ ಊದಬೇಕು. ಅದಕ್ಕೆ ಕಾಯುತ್ತಿದ್ದೇನೆ. ಗದಿಗೆಪ್ಪ ಹೊಸ್ತಿಲಲ್ಲಿ ಕೂತಿದ್ದಾನೆ, ಮನೆಗೆ ಹೋಗು ಎಂದರೂ ಹೋಗುವುದಿಲ್ಲ.

ಕಾಯುವ ಹೊತ್ತಿಗೆ ನಿಮ್ಮಲ್ಲಿ ಒಂದು ಕೇಳಿಕೊಳ್ಳುತ್ತೇನೆ. ನೀವು ಅಂಗಡಿಗೆ ಹೋಗಿ ತೋರುಗ ಕೊಳ್ಳುವವರು. ಗುಂಡಿ ನೋಡಿ, ಬಿಲ್ಲೆ ನೋಡಿ, ಬಿಸಿಲಿಗೆ ಹಿಡಿದು ಕನ್ನಡಿ ನೋಡಿ, ಅದೆಲ್ಲ ಸರಿ. ಕೊಂಡು ತಂದ ದಿನ ಎಲ್ಲಿಗೋ ಹೋಗುವ ದಾರಿಯನ್ನು ಕೇಳಬೇಡಿ. ನಿಮಗೆ ಚೆನ್ನಾಗಿ ಗೊತ್ತಿರುವ ಜಾಗದಲ್ಲಿ ನಿಂತು, ನಾನು ಎಲ್ಲಿದ್ದೇನೆ ಎಂದು ಕೇಳಿ. ಒಂದು ಜಾಗ ಸಾಲದು, ಎರಡು ಕಡೆ, ಮೂರು ಕಡೆ ಕೇಳಿ. ಉತ್ತರ ನಿಮಗೆ ಖುಷಿ ಕೊಟ್ಟರೆ ಇನ್ನೊಮ್ಮೆ ಕೇಳಿ. ನಿಮ್ಮ ಮಕ್ಕಳು ಹುಬ್ಬು ಗಂಟಿಕ್ಕಿದರೆ ಗದರಬೇಡಿ. ಹೇಗೆ ಅಳೆಯುವುದೆಂದು ಮನೆಯವರಿಗೆ ಮಾತ್ರವಲ್ಲ, ಗೋಡೆ ಕಟ್ಟುವವನಿಗೂ ಹೇಳಿಕೊಡಿ. ನಾನು ಇದನ್ನು ನಾಳೆ ಚಾವಡಿಯಲ್ಲಿ ಹೇಳುತ್ತೇನೆ. ಅಳತೆಯ ಲೆಕ್ಕವನ್ನು ಇಡೀ ಊರಿಗೆ ಬಿಡಿಸಿ ಹೇಳಿ, ಏಳು ಎಂದವಳು ನಾನೇ ಎಂದೂ ಹೇಳುತ್ತೇನೆ. ನಡೆ ತಪ್ಪು ಹೇಳಿದ ದಾರಿಗಿತ್ತಿ ಆ ಕೆಲಸ ಬಿಡಬೇಕು, ಮತ್ತೆ ತೋರುಗ ಮುಟ್ಟುವಂತಿಲ್ಲ. ಗದಿಗೆಪ್ಪ "ಯಾರಿಗೂ ಹೇಳಬ್ಯಾಡ, ನಮ್ಮಿಬ್ಬರಾಗ ಇರಲಿ" ಎಂದ. ಬೇಡಪ್ಪ. ನಮ್ಮಿಬ್ಬರಲ್ಲಿ ಇಟ್ಟುಕೊಂಡದ್ದಕ್ಕೇ ಇಷ್ಟಾಯಿತು.

ಕೊಂಬು.

ಒಂದು. ಗದಿಗೆಪ್ಪ ಎದ್ದು ನಿಂತ. ಎರಡು. ಮೂರು, ನಾಲ್ಕು ಬೇಗ ಬೇಗ ಬಂದವು, ಡೋಲಿಯವರು ಇರಬೇಕು, ಅವರಿಗೆ ಯಾವಾಗಲೂ ಅವಸರ. ಐದು. ಆರನೆಯದು ಇದೆಯೋ ಇಲ್ಲವೋ ಅನ್ನುವಷ್ಟು ಸಣ್ಣ, ಮಧ್ಯೆ ಉಸಿರು ಕಡಿದಂತೆ. ಮಾಬುಬಿ. ಬದುಕಿದ್ದಾಳೆ, ಊದುವಷ್ಟು ಬದುಕಿದ್ದಾಳೆ.

ಆರು ಆಯಿತು.

ಏಳನೆಯದು ಬಂದಿಲ್ಲ. ಮುಂದಾಳು ಕಾಲು ತೊಳೆದು ಬಂದು ಊದುವುದುಂಟು. ಬಿಲ್ಲೆ ಬಿಚ್ಚಿ ಒರೆಸಿ ಇಟ್ಟು ಊದುವುದುಂಟು. ನಾನು ಎಷ್ಟೋ ಸಲ ತಡಮಾಡಿದ್ದೇನೆ, ನನ್ನ ತಾಯಿ ಈ ಹೊಸ್ತಿಲಲ್ಲಿ ಹೀಗೆಯೇ ನಿಂತಿದ್ದಳು ಎಂದು ಈಗ ಹೊಳೆಯುತ್ತಿದೆ. ಕಂಬದಿಂದ ಆಚೆ ಮುಂದೆ ಹೆಜ್ಜೆ ಇಡುವವಳು ಅವಳು. ಮೊದಲು ಹುಗಿಯುವುದೂ ಅವಳೇ. ಹಿಂದಿನವರು ಅವಳನ್ನು ನೋಡಿ ನಿಂತು, ಬೇರೆ ಕಡೆ ಕಾಲಿಟ್ಟು ಪಾರಾಗಬಹುದು. ಆರು ಮಂದಿ ಪಾರಾಗಬಹುದು. ಗದಿಗೆಪ್ಪ ನನ್ನ ಮುಖ ನೋಡುತ್ತಿಲ್ಲ. ಬರೆಯುತ್ತಿರು ರಾಚವ್ವ, ಕೈ ನಿಲ್ಲಿಸಬೇಡ. ಹೊತ್ತು ಮುಳುಗಿಲ್ಲ ಇನ್ನೂ, ಗುಡ್ಡದ ಮೇಲೆ ಒಂದು ಗೇಣು ಇದೆ. ಇನ್ನೂ ಒಂದು ಗೇಣು ಇದೆ.

ಬಂತು.

ಬಂತು! ಉದ್ದಕ್ಕೆ, ಉಸಿರಿರುವವರೆಗೂ, ನಿಲ್ಲಿಸದೆ. ಇದು ಮುಟ್ಟಿದೆ ಎಂದು ತಿಳಿಸುವ ಊದಲ್ಲ, ಇದು ಬೈಗುಳ. ಐದು ಕಿಲೋಮೀಟರ್ ಆಚೆಯಿಂದ ನನ್ನ ಮಗಳು ನನ್ನನ್ನು ಬೈಯುತ್ತಿದ್ದಾಳೆ. ಬೈ ತಾಯಿ. ನಾಳೆ ಬಂದು ಎದುರಿಗೆ ನಿಂತು ಬೈ, ಊರೆಲ್ಲ ಕೇಳುವ ಹಾಗೆ ಬೈ. ತೋರುಗ ನಿನ್ನ ಸೊಂಟದಲ್ಲೇ ಇರಲಿ, ನನಗೆ ಒಪ್ಪಿಸಬೇಡ. ನಾನು ಒಲೆ ಹೊತ್ತಿಸುತ್ತೇನೆ, ಈ ಸಲ ಆರಿಸುವುದಿಲ್ಲ.

ನಿಮ್ಮನ್ನು ಬಹಳ ಹೊತ್ತು ಕೂರಿಸಿಕೊಂಡೆ, ಹಿಂದಿನವರೇ. ಇನ್ನು ಹೋಗಿಬನ್ನಿ.

ರಾಚವ್ವ
ಈಚೆದಂಡೆಯ ದಾರಿಗಿತ್ತಿ, ಇವತ್ತಿನ ಮಟ್ಟಿಗೆ